ಅಸೂಯೆಯೋ ಅಮರ್ಷವೋ: ನಾಯಕ, ಪೋಷಕ ಮತ್ತು ತಾರತಮ್ಯದ ಪ್ರಶ್ನೆ

ಹಲವರು ಒಂದೇ ರಂಗದ ಮೇಲೆ ನಿಂತು ಒಂದು ಕಥೆಯನ್ನು ನಡೆಸುವಾಗ ಆ ಕಥೆಯ ಕೀರ್ತಿ ಒಬ್ಬಿಬ್ಬರ ಹೆಸರಿಗೆ ಸಂದು, ಉಳಿದವರು ನೆರಳಿನಲ್ಲಿ ನಿಲ್ಲುವುದು ರಂಗಕಲೆಯಷ್ಟೇ ಹಳೆಯ ಸಂಗತಿ. ಆದರೆ ನೆರಳಿನಲ್ಲಿ ನಿಂತವರ ಎದೆಯಲ್ಲಿ ಹುಟ್ಟುವ ಕುದಿ ಅವರದೇ ಮನಸ್ಸಿನ ದೋಷವೋ ಅಥವಾ ಬೆಳಕಿನಲ್ಲಿ ನಿಂತವರು ತೀರಿಸದೆ ಬಿಟ್ಟ ಋಣದ ಫಲವೋ ಎಂಬ ಪ್ರಶ್ನೆಯನ್ನು ರಂಗಕಲೆಯೊಂದೇ ಬಿಡಿಸಲಾರದು, ಅದಕ್ಕೆ ಧರ್ಮಜಿಜ್ಞಾಸೆಯ ನೆರವೂ ಬೇಕಾಗುತ್ತದೆ. ಅರಿಷಡ್ವರ್ಗಗಳಲ್ಲಿ ಕೊನೆಯದೆಂದು ಎಣಿಸಲಾದ ಮಾತ್ಸರ್ಯವನ್ನು ಗೆಲ್ಲಬೇಕೆಂದು ನಮ್ಮ ಮಠಗಳೂ ಮನೆಗಳೂ ತಲೆತಲಾಂತರದಿಂದ ಬೋಧಿಸುತ್ತ ಬಂದಿವೆ. ಆದರೆ ಯಾವುದನ್ನು ಮಾತ್ಸರ್ಯವೆಂದು ಕರೆಯಬೇಕು, ಯಾವುದನ್ನು ಹಾಗೆ ಕರೆಯಬಾರದು ಎಂಬ ವಿವೇಚನೆ ಆ ಬೋಧನೆಯಷ್ಟು ಸುಲಭವಾಗಿ ಸಿಕ್ಕುವುದಿಲ್ಲ.

ಈ ವಿವೇಚನೆಗೆ ಬೇಕಾದ ಪದಗಳನ್ನು ಭರತಮುನಿಯ ನಾಟ್ಯಶಾಸ್ತ್ರವೇ ಒದಗಿಸುತ್ತದೆ. ಸ್ಥಾಯಿಭಾವದ ಮೇಲೆ ಅಲೆಗಳಂತೆ ಬಂದುಹೋಗುವ ಮೂವತ್ತಮೂರು ಭಾವಗಳನ್ನು, ಅಂದರೆ ಸಂಚಾರಿಭಾವಗಳನ್ನು, ಹೇಳುವಾಗ ಭರತನು ಅಸೂಯೆಯನ್ನೂ ಅಮರ್ಷವನ್ನೂ ಬೇರೆಬೇರೆಯಾಗಿ ಎಣಿಸಿದ್ದಾನೆ. ಅಸೂಯೆಯೆಂದರೆ ಇನ್ನೊಬ್ಬನ ಗುಣವನ್ನೋ ಏಳಿಗೆಯನ್ನೋ ಸಹಿಸಲಾರದೆ ಅದರಲ್ಲಿ ದೋಷವನ್ನು ಹುಡುಕುವ ಭಾವ. ಅಮರ್ಷವೆಂದರೆ ವಿದ್ಯೆ, ಐಶ್ವರ್ಯ, ಬಲಗಳಲ್ಲಿ ತನಗಿಂತ ಮೇಲಿರುವವರಿಂದ ತಿರಸ್ಕಾರಕ್ಕೋ ಅವಮಾನಕ್ಕೋ ಒಳಗಾದವನಲ್ಲಿ ಹುಟ್ಟುವ ಅಸಹನೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಬಗೆಯ ಸಿಡುಕಾಗಿ ಕಾಣಬಹುದಾದರೂ ಇವುಗಳ ಮೂಲ ಬೇರೆ, ಆದ್ದರಿಂದ ಮದ್ದೂ ಬೇರೆ. ಅಸೂಯೆಯನ್ನು ಅದು ಹುಟ್ಟಿದ ಮನಸ್ಸೇ ತೊಳೆದುಕೊಳ್ಳಬೇಕು. ಅಮರ್ಷ ಇಳಿಯಬೇಕಾದರೆ ಅವಮಾನಿಸಿದವನು ಒಂದು ಹೆಜ್ಜೆ ಇಳಿದು ಬರಬೇಕು.

ಅಮೆರಿಕದ ಟೆಲಿವಿಷನ್ ಚರಿತ್ರೆಯಲ್ಲಿ ಈ ಎರಡು ಭಾವಗಳು ಬಿಡಿಸಲಾಗದಂತೆ ಹೆಣೆದುಕೊಂಡಿರುವ ಪ್ರಸಿದ್ಧ ಪ್ರಸಂಗವೆಂದರೆ ‘ಸ್ಟಾರ್ ಟ್ರೆಕ್’ ಧಾರಾವಾಹಿಯದು. 1966ರ ಸೆಪ್ಟೆಂಬರ್ 8ರಂದು ಆರಂಭವಾಗಿ, 1969ರವರೆಗೆ ಒಟ್ಟು 79 ಕಂತುಗಳಲ್ಲಿ ಪ್ರಸಾರವಾದ ಈ ಸರಣಿಯಲ್ಲಿ ಆಕಾಶನೌಕೆಯ ಕ್ಯಾಪ್ಟನ್ ಕರ್ಕ್ ಪಾತ್ರವನ್ನು ವಿಲಿಯಂ ಶಾಟ್ನರ್, ಸ್ಪಾಕ್ ಪಾತ್ರವನ್ನು ಲಿಯೊನಾರ್ಡ್ ನಿಮಾಯ್ ಮತ್ತು ವೈದ್ಯನ ಪಾತ್ರವನ್ನು ಡಿಫಾರೆಸ್ಟ್ ಕೆಲ್ಲಿ ನಿರ್ವಹಿಸಿದರು. ಇವರ ಸುತ್ತ ನಿಚೆಲ್ ನಿಕೋಲ್ಸ್, ಜಾರ್ಜ್ ಟಕೇ, ಜೇಮ್ಸ್ ಡೂಹನ್, ವಾಲ್ಟರ್ ಕೇನಿಗ್ ಮೊದಲಾದವರು ನೌಕೆಯ ಅಧಿಕಾರಿಗಳಾಗಿ ಕಾಣಿಸಿಕೊಂಡರು. ಎಲ್ಲ ಕುಲಗಳ, ಎಲ್ಲ ದೇಶಗಳ ಮನುಷ್ಯರು ಒಂದೇ ನೌಕೆಯಲ್ಲಿ ಸಮಾನರಾಗಿ ಸಂಚರಿಸುವ ಭವಿಷ್ಯವೊಂದನ್ನು ಕಥೆ ಚಿತ್ರಿಸುತ್ತಿತ್ತು. ಅದೇ ಕಥೆಯನ್ನು ಅಭಿನಯಿಸುತ್ತಿದ್ದವರ ನಡುವೆ ಮಾತ್ರ ಸಂಭಾಷಣೆಯ ಸಾಲುಗಳೂ ಕ್ಯಾಮೆರಾದ ಗಮನವೂ ನಾಯಕನ ಕಡೆಗೇ ಹರಿಯುತ್ತಿವೆ, ತಮ್ಮ ಪಾಲಿಗಿದ್ದ ಅಷ್ಟಿಷ್ಟನ್ನೂ ಕಡಿಮೆ ಮಾಡಲಾಗುತ್ತಿದೆ ಎಂಬ ನೋವು ಬೆಳೆಯುತ್ತಿತ್ತು. ಶಾಟ್ನರ್ 1993ರಲ್ಲಿ ಪ್ರಕಟಿಸಿದ ನೆನಪಿನ ಪುಸ್ತಕಕ್ಕಾಗಿ ಹಳೆಯ ಸಹನಟರನ್ನು ಸಂದರ್ಶಿಸಿದಾಗ ಡೂಹನ್ ಮಾತನಾಡಲು ಒಪ್ಪಲಿಲ್ಲ. ನಿಕೋಲ್ಸ್ ಒಪ್ಪಿ ಮಾತನಾಡಿದರಾದರೂ, ಸಂದರ್ಶನ ಮುಗಿಯಿತೆಂದು ಶಾಟ್ನರ್ ಏಳುವ ಹೊತ್ತಿಗೆ ಅವರನ್ನು ತಡೆದು, ತಾನು ಹೇಳಬೇಕಾದುದು ಇನ್ನೂ ಇದೆಯೆಂದು ಇಪ್ಪತ್ತೈದು ವರ್ಷಗಳ ದೂರನ್ನು ಮುಂದಿಟ್ಟರು. ಅಷ್ಟು ಕಾಲ ಒಟ್ಟಿಗೆ ಕೆಲಸ ಮಾಡಿದರೂ ಈ ನೋವು ತಮ್ಮ ಗಮನಕ್ಕೇ ಬಂದಿರಲಿಲ್ಲವೆಂಬುದು ಶಾಟ್ನರ್ ಅವರ ನಿಲುವು. ಅದು ಪ್ರಾಮಾಣಿಕವಾದ ಮಾತೆಂದೇ ಒಪ್ಪಬಹುದು, ಮತ್ತು ಹಾಗೆ ಒಪ್ಪಿದಾಗಲೇ ಪ್ರಶ್ನೆ ಇನ್ನಷ್ಟು ಗಹನವಾಗುತ್ತದೆ. ಏಕೆಂದರೆ ಬೇಕೆಂದು ಮಾಡಿದ ಅವಮಾನಕ್ಕಿಂತ, ಎದುರಿಗಿರುವವನು ಕಣ್ಣಿಗೇ ಬೀಳದಿರುವಷ್ಟು ತನ್ನಲ್ಲಿ ತಾನು ಮುಳುಗಿರುವುದು ಆಳವಾದ ಗಾಯವನ್ನು ಮಾಡುತ್ತದೆ.

ಈ ಪೋಷಕ ನಟರು ಯಾರೆಂಬುದನ್ನೂ ಗಮನಿಸದೆ ತೀರ್ಪು ಹೇಳುವಂತಿಲ್ಲ. ಟಕೇ ಐದು ವರ್ಷದ ಬಾಲಕನಾಗಿದ್ದಾಗ, 1942ರಲ್ಲಿ, ಜಪಾನಿ ಮೂಲದವರೆಂಬ ಒಂದೇ ಕಾರಣಕ್ಕೆ ಅವರ ಕುಟುಂಬವನ್ನು ಅಮೆರಿಕ ಸರ್ಕಾರ ಅರ್ಕನ್ಸಾ ರಾಜ್ಯದ ಬಂಧನ ಶಿಬಿರಕ್ಕೆ ಸಾಗಿಸಿತ್ತು. ಕಪ್ಪು ಜನಾಂಗದ ನಿಕೋಲ್ಸ್ ಮೊದಲ ವರ್ಷದ ಕೊನೆಗೆ ಧಾರಾವಾಹಿಯನ್ನು ಬಿಡಲು ನಿರ್ಧರಿಸಿದ್ದಾಗ, ಆ ಪಾತ್ರ ಚಿಕ್ಕದಾದರೂ ಅದನ್ನು ಬಿಡಬಾರದೆಂದು ಮಾರ್ಟಿನ್ ಲೂಥರ್ ಕಿಂಗ್ ಅವರೇ ಮನವೊಲಿಸಿದರೆಂಬುದನ್ನು ಆಕೆ ಮತ್ತೆ ಮತ್ತೆ ನೆನೆದಿದ್ದಾರೆ. ಇಂಥವರಿಗೆ ಸಿಕ್ಕ ಪಾತ್ರಗಳು ಚಿಕ್ಕವಾಗಿದ್ದುದಕ್ಕೆ ಪ್ರತಿಭೆಯ ಕೊರತೆ ಕಾರಣವಾಗಿರಲಿಲ್ಲ. ಯಾರ ಮುಖ ನಾಯಕನ ಮುಖವಾಗಬಹುದೆಂಬುದನ್ನು ಆ ಕಾಲದ ಸಮಾಜ ಮೊದಲೇ ನಿಶ್ಚಯಿಸಿಬಿಟ್ಟಿತ್ತು. ಅಂಥ ಸ್ಥಿತಿಯಲ್ಲಿ ತೃಪ್ತಿಯನ್ನು ಬೋಧಿಸುವುದು ಧರ್ಮವೆನಿಸದು.

ಕನ್ನಡಿಗರು ನೆಲೆಸಿರುವ ನ್ಯೂಜೆರ್ಸಿಯ ಸಮರ್‌ಸೆಟ್ ಈ ಚರ್ಚೆಗೆ ದೂರದ ಊರಲ್ಲ. ಸ್ಟಾರ್ ಟ್ರೆಕ್ ಅಭಿಮಾನಿಗಳ ಮೊದಲ ದೊಡ್ಡ ಸಮ್ಮೇಳನ 1972ರ ಜನವರಿಯಲ್ಲಿ ಸೇರಿದ್ದು ಹತ್ತಿರದ ನ್ಯೂಯಾರ್ಕ್ ನಗರದಲ್ಲೇ. ಮರುಪ್ರಸಾರದ ಸಂಭಾವನೆ ಕೆಲವೇ ಬಾರಿಗೆ ಸೀಮಿತವಾಗಿದ್ದ ಆ ದಿನಗಳಲ್ಲಿ ಪೋಷಕ ನಟರಿಗೆ ಜನರ ಪ್ರೀತಿ ನೇರವಾಗಿ ತಲುಪಿದ್ದು ಇಂಥ ಸಮ್ಮೇಳನಗಳಿಂದಲೇ. ಇಂದು ಫ್ರಾಂಕ್ಲಿನ್ ಟೌನ್‌ಶಿಪ್ಪಿಗೆ ಸೇರಿದ ಈ ಸಮರ್‌ಸೆಟ್ಟಿನಲ್ಲಿ ಮತ್ತು ಸುತ್ತಲಿನ ಊರುಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಬ್ರಿಡ್ಜ್‌ವಾಟರಿನ ವೆಂಕಟೇಶ್ವರ ದೇವಾಲಯಕ್ಕೂ, ಉಡುಪಿಯ ಪುತ್ತಿಗೆ ಮಠದ ಶಾಖೆಯಾದ ಎಡಿಸನ್ನಿನ ಶ್ರೀಕೃಷ್ಣ ವೃಂದಾವನಕ್ಕೂ ಹೋಗಿಬರುತ್ತವೆ. ಯುಗಾದಿಗೂ ರಾಜ್ಯೋತ್ಸವಕ್ಕೂ ಶಾಲೆಯೊಂದರ ಸಭಾಂಗಣವನ್ನು ಬಾಡಿಗೆಗೆ ಹಿಡಿದು ನಾಟಕವಾಡುತ್ತವೆ. ಅಂಥ ನಾಟಕದ ತಾಲೀಮು ನಡೆಯುವುದು ಸಾಮಾನ್ಯವಾಗಿ ಯಾರದಾದರೂ ಮನೆಯ ಬೇಸ್‌ಮೆಂಟಿನಲ್ಲಿ. ಪ್ರತಿಯೊಬ್ಬರ ಕೈಯಲ್ಲೂ ನಾಟಕದ ನಕಲು ಪ್ರತಿ ಇರುತ್ತದೆ, ತಂತಮ್ಮ ಮಾತಿನ ಸಾಲುಗಳ ಮೇಲೆ ಎಲ್ಲರೂ ಹಳದಿ ಬಣ್ಣ ಬಳಿದುಕೊಂಡಿರುತ್ತಾರೆ, ಮತ್ತು ರಾಜನ ಪಾತ್ರಧಾರಿಯ ಹಾಳೆಗಳು ಪುಟಪುಟವೂ ಹಳದಿಯಾಗಿರುವಾಗ ದ್ವಾರಪಾಲಕನ ಹಾಳೆಗಳಲ್ಲಿ ಎರಡೇ ಎರಡು ಹಳದಿ ಗೆರೆಗಳಿರುತ್ತವೆ. ವಾರವಿಡೀ ಕಚೇರಿಯಲ್ಲಿ ದುಡಿದು, ಶನಿವಾರ ಮಂಜಿನ ರಸ್ತೆಯಲ್ಲಿ ಕಾರು ಓಡಿಸಿಕೊಂಡು ಬಂದು, ಮೂರು ಗಂಟೆ ಕಾದು ಆ ಎರಡು ಗೆರೆಗಳನ್ನು ಒಪ್ಪಿಸಿ ಹೋಗುವವನ ಮನಸ್ಸಿಗೂ ಹಾಲಿವುಡ್ಡಿನ ಪೋಷಕ ನಟನ ಮನಸ್ಸಿಗೂ ನಡುವೆ ಇರುವ ಅಂತರ ಹಣದ್ದು ಮತ್ತು ಕೀರ್ತಿಯದ್ದು ಮಾತ್ರ. ನೋವಿನ ಜಾತಿ ಒಂದೇ.

ಇದೇ ಕುಟುಂಬಗಳಿಗೆ ಪರಿಚಿತವಾದ ಮಾಧ್ವ ಸಿದ್ಧಾಂತ ಈ ನೋವಿಗೆ ನೇರವಾಗಿ ಸಂಬಂಧಿಸಿದ ಮಾತೊಂದನ್ನು ಹೇಳುತ್ತದೆ. ಆಚಾರ್ಯ ಮಧ್ವರು ಪ್ರತಿಪಾದಿಸಿದ ಪಂಚಭೇದಗಳಲ್ಲಿ, ಅಂದರೆ ಈಶ್ವರ, ಜೀವ, ಜಡಗಳ ನಡುವಿನ ಐದು ಬಗೆಯ ನಿಜವಾದ ಭೇದಗಳಲ್ಲಿ, ಜೀವ ಜೀವಗಳ ನಡುವಿನ ಭೇದವೂ ಒಂದು; ಈ ಭೇದದ ಜೊತೆಗೇ ಜೀವರಲ್ಲಿ ಮೇಲು ಕೀಳೆಂಬ ಶ್ರೇಣಿಯೂ ಇದೆಯೆಂಬುದೇ ತಾರತಮ್ಯ. ತೈತ್ತಿರೀಯ ಉಪನಿಷತ್ತು ಮನುಷ್ಯನ ಆನಂದದಿಂದ ಮೊದಲುಗೊಂಡು ಗಂಧರ್ವರು, ಪಿತೃಗಳು, ದೇವತೆಗಳು ಎಂದು ನೂರು ನೂರು ಪಟ್ಟು ಏರಿಸುತ್ತ ಹೋಗುವ ಆನಂದದ ಗಣನೆ ಈ ಸಿದ್ಧಾಂತಕ್ಕೆ ಒಂದು ಆಧಾರ. ಬೇರೆ ದರ್ಶನಗಳಿಂದ ಮಾಧ್ವ ದರ್ಶನ ಬೇರೆಯಾಗುವುದು, ಈ ತಾರತಮ್ಯ ಮೋಕ್ಷದಲ್ಲಿಯೂ ಅಳಿಯುವುದಿಲ್ಲವೆಂದು ಅದು ಹೇಳುವಲ್ಲಿ. ಹಾಗಾದರೆ ಮುಕ್ತರಾದ ಮೇಲೂ ಕೆಳಗಿನವನು ಮೇಲಿನವನನ್ನು ಕಂಡು ಕರುಬುವುದಿಲ್ಲವೇ ಎಂಬ ಆಕ್ಷೇಪ ಸಹಜವಾಗಿಯೇ ಏಳುತ್ತದೆ. ಇದಕ್ಕೆ ಸಂಪ್ರದಾಯ ಕೊಡುವ ಉತ್ತರ ಪಾತ್ರೆಗಳ ದೃಷ್ಟಾಂತದ ಮೂಲಕ ಬರುತ್ತದೆ: ಬಟ್ಟಲು, ಕೊಡ, ಹಂಡೆಗಳು ಬೇರೆ ಬೇರೆ ಅಳತೆಯವಾದರೂ ಪ್ರತಿಯೊಂದೂ ಕಂಠದವರೆಗೆ ತುಂಬಿದ್ದರೆ ಬಟ್ಟಲಿನಲ್ಲಿ ಹಂಡೆಯ ನೀರಿಗೆ ಎಡೆಯೇ ಇರುವುದಿಲ್ಲ, ಹಾಗೆಯೇ ತನ್ನ ಸ್ವರೂಪದಷ್ಟೂ ಆನಂದದಿಂದ ತುಂಬಿದ ಜೀವನಿಗೆ ಇನ್ನೊಬ್ಬನದು ಬೇಕೆನ್ನಿಸಲು ಖಾಲಿ ಜಾಗವೇ ಉಳಿದಿರುವುದಿಲ್ಲ. ಆದ್ದರಿಂದ ಈ ದರ್ಶನದ ಪ್ರಕಾರ ಅಸೂಯೆ ಹುಟ್ಟುವುದು ಅಂತರದಿಂದಲ್ಲ, ತುಂಬದೆ ಉಳಿದ ಬರಿದಿನಿಂದ. ಎಲ್ಲರನ್ನೂ ಒಂದೇ ಅಳತೆಗೆ ತಂದರೆ ಮಾತ್ರ ಅಸೂಯೆ ಹೋಗುತ್ತದೆಯೆಂದು ನಂಬುವ ಆಧುನಿಕ ಮನಸ್ಸು ಈ ಉತ್ತರವನ್ನು ಅವಸರದಿಂದ ತಳ್ಳಿಹಾಕುತ್ತದೆ. ಆದರೆ ಸಮಾನ ಸಂಬಳ ಪಡೆಯುವ ಇಬ್ಬರು ನಾಯಕನಟರ ನಡುವೆಯೂ ಕರುಬು ಕಡಿಮೆಯಾಗದಿರುವುದನ್ನು ಕಂಡವರಿಗೆ ಈ ಉತ್ತರದ ತೂಕ ತಿಳಿಯುತ್ತದೆ.

ತಾರತಮ್ಯದಲ್ಲಿ ಅಡಗಿರುವ ಇನ್ನೊಂದು ಮಾತು ಇದಕ್ಕಿಂತ ಮುಖ್ಯವಾದುದು, ಮತ್ತು ಅದರ ಕಡೆಗೆ ಸಾಕಷ್ಟು ಗಮನ ಹರಿದಿಲ್ಲ. ಮಾಧ್ವ ಸಿದ್ಧಾಂತದಲ್ಲಿ ಜೀವೋತ್ತಮನೆಂದು, ಅಂದರೆ ಎಲ್ಲ ಜೀವರಲ್ಲಿ ಶ್ರೇಷ್ಠನೆಂದು, ಹೇಳಲಾಗುವವನು ವಾಯುದೇವ. ಅವನ ಮೊದಲ ಅವತಾರ ಹನುಮಂತ, ಎರಡನೆಯದು ಭೀಮಸೇನ, ಮೂರನೆಯದು ಸ್ವತಃ ಮಧ್ವಾಚಾರ್ಯರು. ಶ್ರೇಣಿಯಲ್ಲಿ ಎಲ್ಲ ಜೀವರಿಗಿಂತ ಮೇಲಿರುವ ಈ ಜೀವ ರಾಮಾಯಣದಲ್ಲಿ ವಹಿಸಿದ ಪಾತ್ರ ದೂತನದು, ದಾಸನದು. ಅದೂ ಕಿಷ್ಕಿಂಧೆಯ ಪದಚ್ಯುತ ಅರಸನಾದ ಸುಗ್ರೀವನ ಮಂತ್ರಿಯಾಗಿ ಕಥೆಯನ್ನು ಪ್ರವೇಶಿಸಿದ ದಾಸನದು. ಮಹಾಭಾರತದಲ್ಲಿಯೂ ಅವನು ಸಿಂಹಾಸನವನ್ನು ಅಣ್ಣನಿಗೆ ಬಿಟ್ಟು, ಅಜ್ಞಾತವಾಸದಲ್ಲಿ ವಿರಾಟನ ಅಡಿಗೆಮನೆಯಲ್ಲಿ ಸೌಟು ಹಿಡಿದವನು. ಪಾತ್ರದ ಗಾತ್ರಕ್ಕೂ ಪಾತ್ರಧಾರಿಯ ಯೋಗ್ಯತೆಗೂ ಸಂಬಂಧವಿಲ್ಲವೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ದರ್ಶನವೂ ಹೇಳಿರಲಾರದು. ಹುಟ್ಟಿನಿಂದ ದಾಸನಾಗಿದ್ದ ಗ್ರೀಕ್ ತತ್ತ್ವಜ್ಞಾನಿ ಎಪಿಕ್ಟೆಟಸ್ ಕೂಡ ಮನುಷ್ಯನನ್ನು ನಟನಿಗೆ ಹೋಲಿಸಿ, ಪಾತ್ರವನ್ನು ಆರಿಸುವುದು ಬೇರೆಯವನ ಕೆಲಸವೆಂದೂ ಸಿಕ್ಕ ಪಾತ್ರವನ್ನು ಚೆನ್ನಾಗಿ ನಿರ್ವಹಿಸುವುದಷ್ಟೇ ನಟನ ಕೆಲಸವೆಂದೂ ಬೋಧಿಸಿದ್ದಾನೆ. ಆದರೆ ಅಲ್ಲಿ ಚಿಕ್ಕ ಪಾತ್ರವನ್ನು ಸಹಿಸಿಕೊಳ್ಳುವ ಧೈರ್ಯವಿದೆಯೇ ಹೊರತು, ಚಿಕ್ಕ ಪಾತ್ರವೇ ಅತಿ ದೊಡ್ಡ ಜೀವನಿಗೆ ಒಪ್ಪುವಂಥದೆಂಬ ಕಾಣ್ಕೆಯಿಲ್ಲ.

ಹೀಗಿರುವುದರಿಂದ ತಾರತಮ್ಯವನ್ನು ಕೆಳಗಿನವರ ಬಾಯಿ ಮುಚ್ಚಿಸುವ ಸಾಧನವಾಗಿ ಬಳಸುವುದು ಆ ಸಿದ್ಧಾಂತಕ್ಕೇ ಮಾಡುವ ಅಪಚಾರ. ಒಬ್ಬ ಜೀವನ ಸ್ವರೂಪಯೋಗ್ಯತೆ, ಅಂದರೆ ಹುಟ್ಟು, ವೃತ್ತಿ, ಬಣ್ಣಗಳ ಆಚೆಗೆ ಅವನಲ್ಲಿ ಅನಾದಿಯಿಂದ ಇರುವ ಅರ್ಹತೆ, ಇನ್ನೊಬ್ಬ ಮನುಷ್ಯನ ಕಣ್ಣಿಗೆ ಕಾಣುವಂಥದಲ್ಲ. ನಿರ್ಮಾಪಕರು ಗೊತ್ತುಮಾಡಿದ ಹೆಸರುಗಳ ಪಟ್ಟಿಗೂ, ಜಾತಿಯ ಪಂಕ್ತಿಗೂ, ಸಂಘದ ವೇದಿಕೆಯ ಮುಂದಿನ ಸಾಲಿನ ಕುರ್ಚಿಗೂ ಆ ಅದೃಶ್ಯ ಶ್ರೇಣಿಯ ಮುದ್ರೆಯನ್ನು ಒತ್ತುವ ಅಧಿಕಾರ ಯಾರಿಗೂ ಇಲ್ಲ. ನಮ್ಮ ಸಮಾಜದಲ್ಲಿ ಹಾಗೆ ಒತ್ತಿದ ಉದಾಹರಣೆಗಳು ಬೇಕಾದಷ್ಟಿವೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಹನ್ನೆರಡನೆಯ ಶತಮಾನದ ಶರಣರು ಎದ್ದು ನಿಂತದ್ದು ಅಂಥ ಮುದ್ರೆಗಳ ವಿರುದ್ಧವೇ.

ಮನುಷ್ಯರು ಮಾಡುವ ಶ್ರೇಣೀಕರಣ ಎಷ್ಟು ದೂರದವರೆಗೆ ಕೇಡು ತರಬಲ್ಲದೆಂಬುದಕ್ಕೆ ಮಹಾಭಾರತದ ಉದ್ಯೋಗಪರ್ವದ ಒಂದು ಸಂದರ್ಭ ಸಾಕ್ಷಿ. ಕೌರವಸೇನೆಯ ಅಧಿಪತ್ಯವನ್ನು ವಹಿಸಿಕೊಂಡ ಭೀಷ್ಮನು ಎರಡೂ ಕಡೆಯ ವೀರರನ್ನು ಅತಿರಥ, ಮಹಾರಥ, ರಥ ಎಂದು ಅವರವರ ಸಾಮರ್ಥ್ಯಕ್ಕನುಗುಣವಾಗಿ ಎಣಿಸುತ್ತ ಬಂದು, ಕರ್ಣನ ಸರದಿ ಬಂದಾಗ ಅವನನ್ನು ಅರ್ಧರಥನೆಂದು, ಪೂರ್ಣ ರಥಿಕನೆನಿಸಿಕೊಳ್ಳಲೂ ತಕ್ಕವನಲ್ಲವೆಂದು, ತುಂಬಿದ ಸಭೆಯಲ್ಲಿ ಸಾರುತ್ತಾನೆ. ದ್ರೋಣನೂ ಅದನ್ನು ಅನುಮೋದಿಸುತ್ತಾನೆ. ಕರ್ಣನ ಉತ್ತರವೆಂದರೆ ಭೀಷ್ಮನು ಬದುಕಿರುವವರೆಗೂ ತಾನು ಯುದ್ಧ ಮಾಡುವುದಿಲ್ಲವೆಂಬ ಪ್ರತಿಜ್ಞೆ. ಹದಿನೆಂಟು ದಿನಗಳ ಯುದ್ಧದ ಮೊದಲ ಹತ್ತು ದಿನಗಳು ಕೌರವರು ತಮ್ಮ ಅತಿ ನೆಚ್ಚಿನ ವೀರನಿಲ್ಲದೆ ಕಾದಿದ್ದು ಒಂದು ಪಟ್ಟಿಯಲ್ಲಿ ಒಂದು ಹೆಸರನ್ನು ಎಲ್ಲಿ ಬರೆಯಬೇಕೆಂಬ ಜಗಳದಿಂದ. ಭೀಷ್ಮನು ಶರಶಯ್ಯೆಯಲ್ಲಿ ಮಲಗಿದ ಮೇಲೆ ಕರ್ಣನು ಒಬ್ಬನೇ ಅವನ ಬಳಿಗೆ ಬರುತ್ತಾನೆ. ಭೀಷ್ಮನು ಕಾವಲಿನವರನ್ನು ದೂರ ಕಳಿಸಿ, ತಂದೆ ಮಗನನ್ನು ತಬ್ಬುವಂತೆ ಒಂದು ಕೈಯಿಂದ ಅವನನ್ನು ತಬ್ಬಿಕೊಂಡು, ತನಗೆ ಅವನಲ್ಲಿ ದ್ವೇಷವಿಲ್ಲವೆಂದೂ ಅವನ ತೇಜಸ್ಸನ್ನು ತಗ್ಗಿಸುವುದಕ್ಕಾಗಿಯೇ ಕಟುವಾಗಿ ನುಡಿದೆನೆಂದೂ ಹೇಳಿ ಅವನ ಶೌರ್ಯವನ್ನು ಹೊಗಳುತ್ತಾನೆ. ಆ ಮಾತು ಸಭೆಯಲ್ಲಿ ಬರಲಿಲ್ಲ. ಅವಮಾನ ಎಲ್ಲರೆದುರು ನಡೆದಿತ್ತು, ಮನ್ನಣೆ ಮಾತ್ರ ಯಾರೂ ಇಲ್ಲದ ಹೊತ್ತಿನಲ್ಲಿ, ತಡವಾಗಿ ಬಂತು. ಕರ್ಣನ ಎದೆಯಲ್ಲಿ ಅರ್ಜುನನ ಬಗ್ಗೆ ಇದ್ದುದು ಅಸೂಯೆಯೆಂದು ಒಪ್ಪಿದರೂ, ಭೀಷ್ಮನ ಬಗ್ಗೆ ಇದ್ದುದು ಅಮರ್ಷವೇ. ಕ್ರಿ.ಶ. 941ರ ಹೊತ್ತಿಗೆ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ ಪಂಪನು ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿ ಅವನನ್ನೇ ಕಥಾನಾಯಕನನ್ನಾಗಿ ಮಾಡಿಕೊಂಡಿದ್ದರೂ, ಕರ್ಣನು ಬಿದ್ದ ಗಳಿಗೆಯಲ್ಲಿ ಭಾರತದ ಕಥೆಯಲ್ಲಿ ನೆನೆಯಬೇಕಾದವನು ಕರ್ಣನೇ ಎಂದು ತುಂಬಿದ ಕಾವ್ಯಸಭೆಯ ಎದುರು ಹೇಳಿದ. ಭೀಷ್ಮನು ಉಳಿಸಿಕೊಂಡ ಬಾಕಿಯನ್ನು ಕನ್ನಡದ ಆದಿಕವಿ ತೀರಿಸಿದನೆಂದು ಭಾವಿಸಿದರೆ ತಪ್ಪಾಗದು.

ನಿಜವಾದ ಅಸೂಯೆ ಬೇರೆ ಕಡೆಯಿಂದಲೂ ಬರಬಹುದು, ಮೇಲಿನಿಂದ ಕೆಳಗೂ ಹರಿಯಬಹುದು. ಮಾನ್ವಿಯ ಸಂಸ್ಕೃತ ಪಂಡಿತ ಶ್ರೀನಿವಾಸಾಚಾರ್ಯರು ಕನ್ನಡದಲ್ಲಿ ಹಾಡುವ ವಿಜಯದಾಸರನ್ನು ಹಗುರವಾಗಿ ಕಂಡು ಅವರ ಊಟದ ಆಹ್ವಾನವನ್ನು ನಿರಾಕರಿಸಿ ಹೊಟ್ಟೆಶೂಲೆಗೆ ಗುರಿಯಾದರೆಂದೂ, ಕೊನೆಗೆ ವಿಜಯದಾಸರ ಶಿಷ್ಯ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಧಾರೆಯೆರೆದು ಅವರನ್ನು ಉಳಿಸಿದರೆಂದೂ ದಾಸಪರಂಪರೆ ಹೇಳುತ್ತದೆ. ಆ ಪಂಡಿತರೇ ಮುಂದೆ ಜಗನ್ನಾಥದಾಸರಾಗಿ, ತಾವು ಹಳಿದ ಕನ್ನಡದಲ್ಲಿಯೇ ‘ಹರಿಕಥಾಮೃತಸಾರ’ವನ್ನು ಬರೆದು, ಅದರಲ್ಲಿ ತಾರತಮ್ಯಕ್ಕಾಗಿಯೇ ಸಂಧಿಯನ್ನು ಮೀಸಲಿಟ್ಟರು. ಇಲ್ಲಿ ಹೊಟ್ಟೆಕಿಚ್ಚೆಂಬ ಕನ್ನಡದ ಪದ ಅಕ್ಷರಶಃ ನಿಜವಾಯಿತೆಂಬುದು ಗಮನಾರ್ಹ. ಅದಕ್ಕಿಂತ ಗಮನಾರ್ಹವಾದುದು, ರೋಗ ವಾಸಿಯಾದದ್ದು ಅವಮಾನಿತರ ಕಡೆಯವರೇ ಕೊಟ್ಟ ದಾನದಿಂದ ಎಂಬುದು.

ಕನ್ನಡದ ರಂಗಭೂಮಿಯ ನುಡಿಗಟ್ಟಿನಲ್ಲಿಯೇ ಈ ಪ್ರಶ್ನೆಗೆ ಬೆಳಕು ಚೆಲ್ಲುವ ಸೂಕ್ಷ್ಮಗಳಿವೆ. ಬಡಗುತಿಟ್ಟಿನ ಯಕ್ಷಗಾನ ಮೇಳದಲ್ಲಿ ಕಥಾನಾಯಕನ ಪಾತ್ರ ಮಾಡುವ ಪ್ರಮುಖ ಕಲಾವಿದನನ್ನು ಎರಡನೇ ವೇಷವೆಂದು ಕರೆಯುತ್ತಾರೆ. ಮೊದಲನೇ ವೇಷವೆಂಬ ಹೆಸರು ಬಣ್ಣವನ್ನೇ ಹಚ್ಚದೆ ಹಿಂದೆ ಕುಳಿತು ಹಾಡುವ ಭಾಗವತನಿಗೆ ಸಲ್ಲುತ್ತದೆ. ಚೌಕಿಯಲ್ಲಿ, ಅಂದರೆ ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಬಿಡಾರದಲ್ಲಿ, ಯಾರು ಎಲ್ಲಿ ಕುಳಿತುಕೊಳ್ಳಬೇಕೆಂಬ ಕಟ್ಟುನಿಟ್ಟಾದ ಶ್ರೇಣಿ ಇದ್ದರೂ, ಎಲ್ಲರೂ ಗಣಪತಿಯ ಎದುರು ಕೈಮುಗಿದೇ ರಂಗಕ್ಕೆ ಹೋಗುತ್ತಾರೆ, ಮತ್ತು ಇಂದಿನ ಎರಡನೇ ವೇಷಧಾರಿ ಬಾಲ್ಯದಲ್ಲಿ ಕೋಡಂಗಿಯಾಗಿ ಕುಣಿದೇ ಮೇಲೆ ಬಂದವನಾಗಿರುತ್ತಾನೆ. ಮೇಳಗಳಲ್ಲಿ ಜಗಳಗಳೇ ಇರಲಿಲ್ಲವೆಂದಲ್ಲ. ಆದರೆ ನಾಯಕನಿಗೆ ತಾನು ಎರಡನೆಯವನೆಂದು ಪ್ರತಿರಾತ್ರಿ ನೆನಪಿಸುವ ಹೆಸರೊಂದನ್ನು ಆ ವ್ಯವಸ್ಥೆ ಇಟ್ಟುಕೊಂಡಿತ್ತು. ಅಲಂಕಾರಶಾಸ್ತ್ರವೂ ಮುಖ್ಯಕಥೆಯೊಂದಿಗೆ ದೂರದವರೆಗೆ ಸಾಗುವ ಉಪಕಥೆಯನ್ನು ಪತಾಕೆಯೆಂದೂ, ಆ ಉಪಕಥೆಯ ನಾಯಕನಾಗಿ ಮುಖ್ಯನಾಯಕನಿಗೆ ಜೊತೆ ನಿಲ್ಲುವವನನ್ನು ಪೀಠಮರ್ದನೆಂದೂ ಕರೆದು ಅವನಿಗೆ ತಕ್ಕ ಗೌರವ ಕೊಟ್ಟಿದೆ. ಇನ್ನು ಪೋಷಕನಟನೆಂಬ ನಮ್ಮ ಪದವನ್ನೇ ನೋಡಬಹುದು: ಪೋಷಕನೆಂದರೆ ಪೋಷಿಸುವವನು, ಉಣಿಸಿ ಬೆಳೆಸುವವನು, ಶಾಲೆಯವರು ತಂದೆತಾಯಿಗಳನ್ನು ಸಭೆಗೆ ಕರೆಯುವಾಗ ಬಳಸುವುದೂ ಇದೇ ಪದವನ್ನು. 1972ರ ‘ನಾಗರಹಾವು’ ಚಿತ್ರದಲ್ಲಿ ಚಾಮಯ್ಯ ಮೇಷ್ಟ್ರಾಗಿ ಕೆ.ಎಸ್. ಅಶ್ವಥ್ ನಿಂತ ಬಗೆಯನ್ನು ಕಂಡವರಿಗೆ, ರಾಮಾಚಾರಿಯೆಂಬ ನಾಯಕನು ಯಾರ ಪೋಷಣೆಯಿಂದ ನಾಯಕನಾದನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪೋಷಿತನಾದವನಿಗೆ ಪೋಷಕನ ಬಗ್ಗೆ ಋಣವಿದೆಯೆಂಬುದು ಇಲ್ಲಿ ಸಿದ್ಧವಾಗುತ್ತದೆ, ಮತ್ತು ನಾಯಕ ಪೋಷಕರ ವಿರಸದ ಚರ್ಚೆಗಳು ಸಾಮಾನ್ಯವಾಗಿ ಮರೆಯುವುದು ಈ ಋಣವನ್ನೇ. ಚಿಕ್ಕ ಪಾತ್ರದವನಿಗೆ ನಿರಸೂಯೆಯನ್ನು ಬೋಧಿಸುವ ಮುನ್ನ, ದೊಡ್ಡ ಪಾತ್ರದವನಿಗೆ ಸುತ್ತ ನೋಡುವುದನ್ನು ಕಲಿಸಬೇಕು. ಸಮರ್‌ಸೆಟ್ಟಿನ ಬೇಸ್‌ಮೆಂಟಿನಲ್ಲಿ ರಾಜನ ಪಾತ್ರ ಮಾಡುವವರು ದ್ವಾರಪಾಲಕನ ಎರಡು ಸಾಲುಗಳ ತಾಲೀಮು ಮುಗಿಯುವವರೆಗೆ ನಿಂತು ಕೇಳಬೇಕು, ಮತ್ತು ನಿರ್ದೇಶಕರು ಆ ಎರಡು ಸಾಲುಗಳನ್ನು ಮೊದಲ ಗಂಟೆಯಲ್ಲಿಯೇ ತೆಗೆದುಕೊಂಡು ಅವನನ್ನು ಮನೆಗೆ ಕಳಿಸಿಕೊಡಬೇಕು. ಸ್ಟಾರ್ ಟ್ರೆಕ್‌ನ ತಂಡದಲ್ಲಿಯೇ ಇದನ್ನು ಮಾಡಿ ತೋರಿಸಿದ ನಾಯಕನಟರೊಬ್ಬರಿದ್ದರು. 1973ರಲ್ಲಿ ಆ ಧಾರಾವಾಹಿ ಆನಿಮೇಷನ್ ರೂಪದಲ್ಲಿ ಮತ್ತೆ ಆರಂಭವಾದಾಗ, ಹಣ ಉಳಿಸುವುದಕ್ಕಾಗಿ ನಿಕೋಲ್ಸ್ ಮತ್ತು ಟಕೇ ಅವರನ್ನು ಬಿಟ್ಟು ಅವರ ಉಹುರಾ ಮತ್ತು ಸುಲು ಪಾತ್ರಗಳಿಗೆ ಬೇರೆಯವರಿಂದ ಧ್ವನಿ ಕೊಡಿಸಲು ನಿರ್ಮಾಪಕರು ಯೋಚಿಸಿದ್ದರು. ಕಥೆಯ ಬಹುಕುಲದ ಆದರ್ಶವನ್ನು ಹೊತ್ತು ನಿಂತ ಅವರಿಬ್ಬರಿಲ್ಲದೆ ತಾವೂ ಧ್ವನಿ ಕೊಡುವುದಿಲ್ಲವೆಂದು ಲಿಯೊನಾರ್ಡ್ ನಿಮಾಯ್ ಪಟ್ಟುಹಿಡಿದರು. ಕೇನಿಗ್ ಅವರಿಗೆ ಆ ಸರಣಿಯಲ್ಲಿ ಪಾತ್ರ ಸಿಗಲಿಲ್ಲ, ಅವರು ಅದಕ್ಕಾಗಿ ಒಂದು ಕಂತನ್ನು ಬರೆದುಕೊಟ್ಟರು. ಉಹುರಾ ಮತ್ತು ಸುಲು ಪಾತ್ರಗಳಿಗೆ ಮಾತ್ರ ಆ ಸರಣಿಯಲ್ಲಿ ನಿಚೆಲ್ ನಿಕೋಲ್ಸ್ ಮತ್ತು ಜಾರ್ಜ್ ಟಕೇ ಅವರದೇ ಧ್ವನಿಯಿದೆ.